ಎದುರಿಗೆ ಕುಂತಾಕಿಯ ಸಾಲು

ಬೆಳಕಿಂಡಿಯಿಂದ ಇಳಿದ ಬಿಸಿಲು ಇನ್ನೂ ನೆಲ ಮುಟ್ಟಿರಲಿಲ್ಲ, ಗೋಡೆಯ ಗೂಡಿನ ಹತ್ತಿರವೇ ನಿಂತಿತ್ತು. ಬೀಸುಕಲ್ಲಿನ ಒಂದು ಮಗ್ಗುಲಿಗೆ ನೀಲತ್ತಿ, ಅಂದರೆ ನಮ್ಮಪ್ಪನ ತಂಗಿ. ಅವಳ ಎದುರಿಗೆ, ಗೂಟಕ್ಕೆ ಕೈ ನಿಲುಕಲೆಂದು ಮಣೆಯ ಮೇಲೆ ಮಣೆ ಇಟ್ಟುಕೊಂಡು ಕೂತ ಒಂಬತ್ತು ವರ್ಷದ ನಾನು, ಕಸ್ತೂರಿ. ಪಕ್ಕದಲ್ಲಿ ಮೊರ ಹಿಡಿದು ಜೋಳದೊಳಗಿನ ಹರಳು ಆರಿಸುತ್ತ ನಮ್ಮ ಆಯಿ, ಅಪ್ಪನ ತಾಯಿ. ಒಲೆಯ ಮುಂದೆ ಅವ್ವ. ಅವಳು ರೊಟ್ಟಿ ಬಡಿಯುವ ಸಪ್ಪಳ ನಡುಮನೆಯ ತನಕ ಕೇಳುತ್ತಿತ್ತು. ಪಡಸಾಲೆಯ ಕಂಬಕ್ಕೆ ಕನ್ನಡಿ ತೂಗುಹಾಕಿ, ಅರ್ಧ ಮುಖಕ್ಕೆ ಸಾಬೂನಿನ ನೊರೆ ಹಚ್ಚಿಕೊಂಡು ನಿಂತ ಅಪ್ಪ. ಇಷ್ಟೇ ಮಂದಿ ನಾವು. ಆ ದಿನ ಎಲ್ಲರ ಕಿವಿಯೂ ಬೀಸುಕಲ್ಲಿನ ಕಡೆಗೇ ಇತ್ತು. ಯಾಕೆಂದರೆ ನೀಲತ್ತಿ ಕಲ್ಲು ತಿರುವುತ್ತ ಇಂಗ್ಲಿಷ್ ಪದ ಹಾಡುತ್ತಿದ್ದಳು. ನಮ್ಮೂರು ಯಂಕಂಚಿಯೊಳಗೆ ಬೀಸುಕಲ್ಲಿಗೆ ಇಂಗ್ಲಿಷ್ ಕೇಳಿಸಿದ ಮನೆ ನಮ್ಮದೊಂದೇ ಇದ್ದೀತು. ನೀರಿಗೆ ಹೋಗುವ ಹೆಂಗಸರು ಕೊಡ ಬಗಲಲ್ಲಿಟ್ಟುಕೊಂಡು ನಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತು, 'ಮಾಸ್ತರ ಮನಿ ಕಲ್ಲಿಗಿ ಹುಚ್ಚ ಹಿಡದೈತಿ' ಎಂದು ನಕ್ಕು ಹೋಗುತ್ತಿದ್ದರು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಎಡಕ್ಕೆ ದನದ ಕೊಟ್ಟಿಗೆ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ನಡುಮನೆ, ನಡುಮನೆಯ ಮೂಲೆಗೆ ಅಡಿಗೆಯ ಒಲೆ. ಕಿಟಕಿ ಎಂಬುದು ಇರಲೇ ಇಲ್ಲ. ಮಾಳಿಗೆಯಲ್ಲಿದ್ದ ಬೆಳಕಿಂಡಿಯ ಒಂದು ತೂತಿನಿಂದ ಬಿದ್ದ ಬಿಸಿಲೇ ನಮ್ಮ ಗಡಿಯಾರ. ಅದು ಗೂಡಿಗೆ ಬಂದರೆ ಅಪ್ಪನ ಸ್ನಾನ, ಬೀಸುಕಲ್ಲಿಗೆ ಬಂದರೆ ಅಪ್ಪ ಸಿಂದಗಿಯ ಬಸ್ಸಿಗೆ ಓಡಬೇಕು. ಅಲ್ಲಿಯ ಹೈಸ್ಕೂಲಿನಲ್ಲಿ ಅವನು ಇಂಗ್ಲಿಷ್ ಮಾಸ್ತರ. ಆದರೆ ನನಗೆ ಮಾತು ಕಲಿಸಿದವನು ಅಪ್ಪನಲ್ಲ, ಆಯಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡ ದಿನ ಇಡೀ ದಿನ ಆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿರುತ್ತಿದ್ದಳು. ಆದರೆ ಮಾತಿಗೆ ಕೂತರೆ ಊರ ಗೌಡನೂ ಎದ್ದು ಹೋಗಲು ಮನಸ್ಸು ಮಾಡುತ್ತಿರಲಿಲ್ಲ. ನಾನು ಒಂದು ಶಬ್ದ ತಪ್ಪಿದರೆ ತಿದ್ದುತ್ತಿರಲಿಲ್ಲ. ಸುಮ್ಮನೆ ಅದೇ ಶಬ್ದವನ್ನು ತನ್ನ ಮಾತಿನಲ್ಲಿ ಸರಿಯಾಗಿ ಆಡಿ, ನನ್ನ ಮುಖ ನೋಡುತ್ತಿದ್ದಳು. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದೆ. ಅದಕ್ಕಿಂತ ಒಳ್ಳೆಯ ಕಲಿಸುವ ರೀತಿ ನನಗೆ ಸಿಕ್ಕಿಲ್ಲ.

ನೀಲತ್ತಿ ನಮ್ಮ ಮನೆಗೆ ಬಂದದ್ದು ನಾಗರ ಪಂಚಮಿಯ ಹಿಂದಿನ ವಾರ, ಒಂದು ಕಬ್ಬಿಣದ ಟ್ರಂಕಿನೊಂದಿಗೆ. ಅವಳ ಗಂಡನ ಮನೆ ಬಸವನ ಬಾಗೇವಾಡಿಯ ಕಡೆ. ಐದು ವರ್ಷಕ್ಕೂ ಮಕ್ಕಳಾಗಲಿಲ್ಲವೆಂದು ಅವಳ ಗಂಡ ಇನ್ನೊಬ್ಬಳನ್ನು ತಂದುಕೊಂಡಿದ್ದ. ನಮ್ಮ ಕಡೆ ಒಂದು ಪದ್ಧತಿ ಉಂಟು. ಪಂಚಮಿಗೆ ಮದುವೆಯಾದ ಮಗಳು ತಾನಾಗಿ ತವರಿಗೆ ಬರುವುದಿಲ್ಲ. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಕರೆಯಲು ಬರುವವನ ದಾರಿ ನೋಡುತ್ತ ಬಾಗಿಲಲ್ಲಿ ನಿಲ್ಲುವುದೇ ಅರ್ಧ ಹಬ್ಬ. ಆ ವರ್ಷ ಓಣಿಯ ಹೆಣ್ಣುಮಕ್ಕಳೆಲ್ಲ ಹೊಸ ಬಳೆ ತೊಟ್ಟು ಬಂದರು, ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದರು. ನೀಲತ್ತಿ ಮಾತ್ರ ನಡುಮನೆ ಬಿಟ್ಟು ಹೊರಗೆ ಬರಲಿಲ್ಲ. ಅವ್ವ ಉಂಡಿ ಕಟ್ಟುತ್ತ ಕರೆದಳು.

"ನೀಲವ್ವ, ಒಂದ ಜೋಕ ಆಡಿ ಬಾರs. ಎಲ್ಲಾರೂ ನಿನ್ನ ಕೇಳಾಕತ್ತಾರ."

"ನನ್ನ ಕರಿಯಾಕ ಯಾರ ಬಂದಿದ್ರು ವೈನಿ? ನಾ ಹಬ್ಬಕ್ಕ ಬಂದಾಕಿ ಅಲ್ಲ. ಹಬ್ಬ ಮುಗದ ಮ್ಯಾಲೂ ಇರಾಕಿ."

ಅವ್ವನ ಕೈಯಲ್ಲಿನ ಉಂಡಿ ಒಡೆಯಿತು.

ನೀಲತ್ತಿಗೆ ಬೀಸುಕಲ್ಲೂ ಬೇಡವಾಗಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದು ಆಗಲೇ ಬಹಳ ದಿನವಾಗಿತ್ತು. ಆದರೂ ಗಿರಣಿಯಿಂದ ಬಿಸಿಯಾಗಿ ಬಂದ ಹಿಟ್ಟಿನ ರೊಟ್ಟಿ ಆಯಿಗೆ ಸೇರುತ್ತಿರಲಿಲ್ಲ. ಅವಳ ರೊಟ್ಟಿಗೆ ಬೇಕಾದಷ್ಟನ್ನು ಮನೆಯಲ್ಲೇ ಬೀಸಬೇಕು. ಬೀಸಲು ಕೂತವರು ಹಾಡಬೇಕು. ಹಾಡಿಲ್ಲದೆ ಬೀಸಿದ ಹಿಟ್ಟು ದನಕ್ಕೆ ಹಾಕಲಿಕ್ಕೆ ಲಾಯಕ್ಕು ಎಂಬುದು ಆಯಿಯ ಕಾನೂನು. ನಮ್ಮ ಬೀಸುವ ಪದಕ್ಕೆ ಮೂರು ಸಾಲು. ಒಬ್ಬಳು ಮೊದಲ ಎರಡು ಸಾಲು ಹಾಡಿದ ಮೇಲೆ ಎದುರಿಗೆ ಕೂತವಳು ಎರಡನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಳ್ಳಬೇಕು. ಅವಳು ಎತ್ತಿಕೊಂಡಾಗ ಮೊದಲಿನವಳು ಉಸಿರು ತೆಗೆದುಕೊಳ್ಳುತ್ತಾಳೆ, ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕುತ್ತಾಳೆ, ಆಮೇಲೆ ಮೂರನೆಯ ಸಾಲು ಹಾಡಿ ಪದ ಮುಗಿಸುತ್ತಾಳೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನಡೆಯಲು ಕಲಿತ ಹಾಗೆ ಬಂತು. ಕಲ್ಲಿನ ಎದುರಿಗೆ ಕೂತು ಯಾರೇ ಎರಡು ಸಾಲು ಹಾಡಿದರೂ ನನ್ನ ಬಾಯಿ ತಾನೇ ಎರಡನೆಯದನ್ನು ಎತ್ತಿಕೊಳ್ಳುತ್ತಿತ್ತು. ನೀಲತ್ತಿ ಮೂಲೆ ಹಿಡಿದು ಕೂತದ್ದು ನೋಡಲಾರದೆ ಆಯಿ ಒಂದು ಬೆಳಗ್ಗೆ ಹೊಸ ಪದ ಕಟ್ಟಿ ಹಾಡಿದಳು:

ಕಲ್ಲಿನ ಎದುರೀಗಿ ಸೊಲ್ಲೆತ್ತಿ ಕುಂದರ
ಒಲ್ಲೆಂದು ಮೂಲಿ ಹಿಡಿಬ್ಯಾಡ | ನನ ಮಗಳ
ಎಲ್ಲಾನೂ ಬೀಸಿ ನುಣುಪಾದೀತ

ನೀಲತ್ತಿ ಎದ್ದು ಬಂದು ಗೂಟ ಹಿಡಿದಳು. ಬೀಸಿದಳು. ಬಾಯಿ ಮಾತ್ರ ತೆರೆಯಲಿಲ್ಲ.

"ಯವ್ವಾ, ಹಾಡಂದ್ರ ಯಾವುದ ಹಾಡ್ಲಿ? ನಿನ್ನ ಪದ ಎಲ್ಲಾ ತವರಿನವು. ತವರಿನ ಪದ ತವರಾಗ ಕುಂತು ಹಾಡಿದ್ರ ಕಲ್ಲು ಸೈತ ನಗತೈತಿ."

ಆಯಿ ಮೊರ ಎತ್ತಿಕೊಂಡು ಹರಳು ಆರಿಸತೊಡಗಿದಳು.

ಅವಳನ್ನು ಓದಿಸುವುದೆಂದು ಗಟ್ಟಿ ಮಾಡಿದವಳೂ ಆಯಿಯೇ. ಮದುವೆಗೆ ಮುಂಚೆ ನೀಲತ್ತಿ ಒಂಬತ್ತನೆಯ ಇಯತ್ತೆ ಮುಗಿಸಿದ್ದಳು. ಹೊರಗಿನಿಂದ ಎಸ್ಸೆಸ್ಸೆಲ್ಸಿಗೆ ಕೂತು ಪಾಸಾದರೆ ವಿಜಯಪುರದಲ್ಲಿ ಎರಡು ವರ್ಷ ಟ್ರೇನಿಂಗು, ಆಮೇಲೆ ಮಾಸ್ತರಿಕೆ. ಕನ್ನಡ, ಗಣಿತ, ಸಮಾಜ ಯಾವುದಕ್ಕೂ ಅವಳು ಹೆದರಲಿಲ್ಲ. ಇಂಗ್ಲಿಷ್ ಪುಸ್ತಕ ತೆರೆದರೆ ಮಾತ್ರ ಅವಳ ಕಣ್ಣಿಗೆ ಇರುವೆ ಹರಿದ ಹಾಗೆ ಕಾಣುತ್ತಿತ್ತಂತೆ. ಇದರ ನಡುವೆ ಬಾಗೇವಾಡಿಯಿಂದ ಅವಳ ಮಾವ ಬಂದರು. ದೊಡ್ಡ ರುಮಾಲು, ಕೈಯಲ್ಲಿ ಬೆಳ್ಳಿ ಕಟ್ಟಿನ ಕೋಲು. ಅವ್ವ ಬಡಿಸಿದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲವನ್ನೂ ಸಾವಕಾಶ ಉಂಡು, ಕೈತೊಳೆದು, ಪಡಸಾಲೆಯ ಕಂಬಕ್ಕೆ ಒರಗಿದರು.

"ಸಣ್ಣ ಸೊಸಿ ಬಸುರಿ ಅದಾಳ್ರಿ. ಮನಿಯಾಗ, ಹೊಲದಾಗ ಕೈ ಸಾಲವಲ್ಲವು. ಹಿರೇ ಸೊಸಿನ್ನ ಕಳಸ್ರಿ. ಒಂದ ತಾಟು, ಒಂದ ಹಾಸಿಗಿ ನಾವೇನ ಇಲ್ಲ ಅನ್ನಂಗಿಲ್ಲ."

ಆಯಿ ತಲೆ ಮೇಲಿನ ಸೆರಗು ಸರಿಮಾಡಿಕೊಂಡಳು.

"ಬೀಗರ, ಆಕಿ ಪರೀಕ್ಷಾಕ ಕುಂತಾಳ್ರಿ."

"ಕುಂದರ್ಲಿ. ಊರ ಹಿರೇರ ಮುಂದ ಒಂದ ಮಾತ ಆಡಿಬಿಡೂಣು. ಪಾಸಾದ್ರ ನಿಮ್ಮ ಮಗಳು, ಫೇಲಾದ್ರ ನಮ್ಮ ಸೊಸಿ. ಏನಂತೀರಿ?"

ಹಿರಿಯರು ಬಂದರು, ಎಲೆ ಅಡಿಕೆ ಹಾಕಿಕೊಂಡರು, ಮಾತು ಗಟ್ಟಿಯಾಯಿತು. ನೀಲತ್ತಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದಳು. ಅವಳು ಹಿಡಿದಿದ್ದ ನನ್ನ ರಟ್ಟೆಯ ಮೇಲೆ ಉಗುರಿನ ಗುರುತು ಎರಡು ದಿನ ಇತ್ತು.

ಅಂದಿನಿಂದ ಅಪ್ಪ ಶಾಲೆಯಿಂದ ಬಂದವನೇ ಅಂಗಿ ಕಳೆಯದೆ ಪಾಠಕ್ಕೆ ಕೂಡುತ್ತಿದ್ದ. ಪ್ರಶ್ನೆ ಪತ್ರಿಕೆಯಲ್ಲಿ ಬಾಯಿಪಾಠದ ಪದ್ಯ ಬರೆಯುವುದೊಂದು ಇರುತ್ತಿತ್ತು. 'ವ್ಯಾಕರಣ ಕೈ ಬಿಟ್ರೂ ಪದ್ಯ ಕೈ ಹಿಡೀತೈತಿ, ಅದು ಪುಕ್ಕಟ ಮಾರ್ಕ್ಸು' ಎಂದು ಅಪ್ಪ ಹೇಳುತ್ತಿದ್ದ. ಆ ಪದ್ಯ ಒಬ್ಬ ಮೀನುಗಾರನ ಹೆಂಡತಿಯದು. ಗಂಡ ಕಡಲಿಗೆ ಹೋಗಿದ್ದಾನೆ, ಅವಳು ದಂಡೆಯ ಮೇಲೆ ದೀಪ ಹಿಡಿದು ನಿಂತಿದ್ದಾಳೆ, ದೋಣಿ ಮರಳಿ ಬರುತ್ತದೆ, ಅವನು ಬರುವುದಿಲ್ಲ. ಹತ್ತು ಸಲ ಓದಿಸಿದರೂ ನೀಲತ್ತಿಗೆ ಅದು ತಲೆಯಲ್ಲಿ ನಿಲ್ಲಲಿಲ್ಲ. ಹರಳು ಆರಿಸುತ್ತ ಕೂತ ಆಯಿ ನಡುವೆ ಬಾಯಿ ಹಾಕಿದಳು.

"ಕಡಲಂದ್ರ ಹೆಂಗಿರತೈತೋ? ಅಗರಖೇಡದ ಹಂತ್ಯಾಕ ಭೀಮಾ ಹೊಳಿ ಬಂದಂಗ?"

"ಅದಕ್ಕಿಂತಾ ದೊಡ್ಡದs ಯವ್ವಾ. ಆಚೀ ದಂಡಿ ಕಾಣೂದಿಲ್ಲ."

"ದಂಡಿ ಕಾಣೂದಿಲ್ಲಂದ್ರ ಆ ಮೂಳ ಯಾಕ ಹೋದ? ಇರ್ಲಿ. ಇದು ಪದಾನೋ ಬರೇ ಮಾತೋ?"

ಅಪ್ಪನಿಗೆ ಪಾಠ ಹೇಳುವ ಉಮೇದು ಬಂತು. ಜೇಬಿನಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಗೆರೆ ಎಳೆದ.

"ಪದಾನs. ಇಂಗ್ಲಿಷಿನ್ಯಾಗ ಬ್ಯಾಲಡ್ ಅಂತಾರ, ನಮ್ಮ ಲಾವಣಿ ಇದ್ದಂಗ ಕತಿ ಹೇಳೂದು. ಒಂದ ನುಡಿಗೆ ನಾಕ ಸಾಲು. ಮೊದಲನೇ ಸಾಲಿಗೆ ನಾಕ ಪೆಟ್ಟು, ಎರಡನೇದಕ್ಕ ಮೂರು, ಮತ್ತ ನಾಕು, ಮತ್ತ ಮೂರು. ಎರಡನೇದು, ನಾಕನೇದು ಕಡೀಕ ಒಂದಕ್ಕೊಂದು ಕೂಡತಾವ."

ಆಯಿ ಮೊರ ಕೆಳಗಿಟ್ಟಳು.

"ಮೂರ ಪೆಟ್ಟಿನ ಸಾಲಿನ್ಯಾಗ ನಾಕನೇ ಪೆಟ್ಟ ಎಲ್ಲಿ ಹೋತು?"

"ಇಲ್ಲ. ಇರೂದs ಮೂರು."

"ಹೆಂಗ ಇಲ್ಲೋ? ಬಾಯಿ ಮೂರಕ್ಕ ನಿಂತ್ರ ಕಲ್ಲೂ ನಿಲ್ಲತೈತೇನು? ಕಲ್ಲು ನಾಕನೇದಕ್ಕೂ ತಿರಗತೈತಿ. ಅಲ್ಲೇ ನೋಡು ಕಾಳ ಹಾಕೂದು."

ಅಪ್ಪ ಸೀಮೆಸುಣ್ಣ ಹಿಡಿದುಕೊಂಡೇ ತನಗೆ ತಾನೇ ಆ ಪದ್ಯದ ಒಂದು ನುಡಿಯನ್ನು ಮೆಲ್ಲಗೆ ಹೇಳಿಕೊಂಡ. ಎರಡನೆಯ ಸಾಲಿನ ಕೊನೆಗೆ ಅವನ ಕೈ ಗಾಳಿಯಲ್ಲಿ ನಿಂತಿತು. ನಾಲ್ಕನೆಯ ಸಾಲಿನ ಕೊನೆಗೂ ನಿಂತಿತು. ಕಾಲೇಜಿನಲ್ಲಿ ಆ ಛಂದಸ್ಸನ್ನು ವರ್ಷಗಟ್ಟಲೆ ಓದಿದ್ದನಂತೆ. ಅದರಲ್ಲಿ ಮಾತಿಲ್ಲದ ಒಂದು ಪೆಟ್ಟು ಇದೆ, ಅದನ್ನು ಉಸಿರು ತುಂಬುತ್ತದೆ ಎಂದು ಯಾರೂ ಹೇಳಿರಲಿಲ್ಲವಂತೆ. ಇದನ್ನು ಅವನು ನನಗೆ ಹೇಳಿದ್ದು ನಾನು ಎಂ.ಎ. ಓದುವಾಗ.

ಮರುದಿನದಿಂದ ಪದ್ಯ ಪಡಸಾಲೆ ಬಿಟ್ಟು ಬೀಸುಕಲ್ಲಿಗೆ ಬಂತು. ಅಪ್ಪ ಗಡ್ಡ ಕೆರೆದುಕೊಳ್ಳುತ್ತ ಒಂದೊಂದೇ ಸಾಲು ಹೇಳಿಕೊಡುತ್ತಿದ್ದ, ನೀಲತ್ತಿ ಅದನ್ನು ಆಯಿಯ ಧಾಟಿಗೆ ಕೂಡಿಸಿಕೊಳ್ಳುತ್ತಿದ್ದಳು. ಬಿಸಿಲು ಕಲ್ಲಿಗೆ ಬರುತ್ತಲೇ ಅವನು ಬಸ್ಸಿಗೆ ಓಡುತ್ತಿದ್ದ, ನಾವು ಮುಂದುವರಿಸುತ್ತಿದ್ದೆವು. ಗಂಡನ ದಾರಿ ಕಾಯುವ ಪದ ಅವಳಿಗೆ ಹಾಡಲು ಹೇಗೆ ಮನಸ್ಸು ಬರುತ್ತದೆಯೋ ಎಂದು ಅವ್ವನಿಗೆ ಅಂಜಿಕೆ ಇತ್ತು. ಒಲೆಯ ಮುಂದಿನಿಂದಲೇ ಕೇಳಿದಳು. ನೀಲತ್ತಿ ಕಲ್ಲು ನಿಲ್ಲಿಸದೆ ಅಂದಳು:

"ಅವ ಸತ್ತಾನ ವೈನಿ, ನಮ್ಮವ ಬದುಕ್ಯಾನ. ತವರಿಂದೂ ಅಲ್ಲ, ಗಂಡನ ಮನೀದೂ ಅಲ್ಲ. ಇದರಾಗ ನಂದೇನೂ ಇಲ್ಲ ಅಂತs ಹಾಡಾಕತ್ತೇನಿ."

ಹಾಡತೊಡಗಿದ ಮೇಲೆ ಅವಳ ದನಿ ಎಷ್ಟು ಚಂದ ಎಂಬುದು ಮನೆಗೆ ಮತ್ತೆ ನೆನಪಾಯಿತು. ನಾನು ಎದುರಿಗೆ ಕೂತು, ಅರ್ಥವಾಗದ ಇಂಗ್ಲಿಷನ್ನು ಕಿವಿಗೆ ಬಂದ ಹಾಗೆ ಎತ್ತಿಕೊಳ್ಳುತ್ತಿದ್ದೆ. ಅವಳು ಎರಡು ಸಾಲು ಹಾಡಿದರೆ ಎರಡನೆಯದನ್ನು ನಾನು ಮತ್ತೊಮ್ಮೆ; ಅವಳು ಕಾಳು ಹಾಕಿ ಮುಂದಿನ ಎರಡು ಹಾಡುತ್ತಿದ್ದಳು. ಯಾರಿಗೂ ಏನೂ ಅನ್ನಿಸಲಿಲ್ಲ. ಬೀಸುಕಲ್ಲಿನ ಪದ ಇನ್ನು ಹೇಗೆ ಇರುತ್ತದೆ? ರವಿವಾರ ಅಪ್ಪ ಅವಳೊಬ್ಬಳನ್ನೇ ಕೂಡಿಸಿ ಬಾಯಿಪಾಠ ಹೇಳಿಸುತ್ತಿದ್ದ. ಎರಡನೆಯ ಸಾಲಿನ ಮೇಲೆ ಅವಳು ಸ್ವಲ್ಪ ಹೆಚ್ಚೇ ನಿಲ್ಲುತ್ತಿದ್ದಳು. ಉಸಿರು ತಗೊಳ್ಳುತ್ತಾಳೆ ಎಂದು ಅಪ್ಪ ತಲೆದೂಗುತ್ತಿದ್ದ. ಆದರೆ ಅವಳು ಉಸಿರು ತಗೊಳ್ಳುತ್ತಿರಲಿಲ್ಲ, ನನಗಾಗಿ ಕಾಯುತ್ತಿದ್ದಳು.

ಮಾರ್ಚಿನಲ್ಲಿ ಸಿಂದಗಿಗೆ ಹೋಗಿ ಪರೀಕ್ಷೆ ಬರೆದು ಬಂದಳು. 'ಎಲ್ಲಾ ಬರದೇನಿ, ಪದ್ಯನೂ ಬರದೇನಿ' ಎಂದು ನಗುತ್ತ ಬಸ್ಸಿಳಿದಳು. ಬೇಸಗೆ ಮುಗಿಯುವ ಹೊತ್ತಿಗೆ ಅಪ್ಪ ಫಲಿತಾಂಶ ತಂದ. ಚಪ್ಪಲಿ ಬಿಡದೆ ಪಡಸಾಲೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಎಲ್ಲ ವಿಷಯ ಪಾಸು. ಇಂಗ್ಲಿಷಿನಲ್ಲಿ ಮೂವತ್ತಮೂರು. ಎರಡು ಅಂಕ ಕಡಿಮೆ.

ನೀಲತ್ತಿ ಅಳಲಿಲ್ಲ. ಒಳಗೆ ಹೋಗಿ ಟ್ರಂಕಿನಲ್ಲಿದ್ದ ಸೀರೆಗಳನ್ನು ತೆಗೆದು, ಮತ್ತೆ ಮಡಿಸಿ, ಮತ್ತೆ ಇಟ್ಟಳು. ಅಪ್ಪನ ಸಿಟ್ಟು ಆಯಿಯ ಮೇಲೆ ತಿರುಗಿತು. ಅವನು ತಾಯಿಯ ಮುಂದೆ ದನಿ ಎತ್ತಿದ್ದನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಪುಸ್ತಕ ಹಿಡಕೊಂಡ ಕುಂದರಾಕೀನ ಕಲ್ಲಿಗಿ ಕುಂದರಿಸಿದಿ! ಇಂಗ್ಲಿಷ್ ತಗೊಂಡ ಕಲ್ಲಿಗಿ ಹಾಕಿದ್ರ ಹಿಟ್ಟ ಬರತೈತಿ, ಮಾರ್ಕ್ಸ್ ಬರತಾವೇನು?"

"ನಾ ಏನ ತಿಳದಾಕಿ ತಮ್ಮಾ," ಎಂದಳು ಆಯಿ. ಅಷ್ಟೇ. ಎದ್ದು ಹೋಗಿ ಬೀಸುಕಲ್ಲಿನ ಮೇಲೆ ಒಂದು ಗೋಣಿಚೀಲ ಹೊದಿಸಿದಳು.

ಆಮೇಲಿನ ಒಂದು ತಿಂಗಳು ನಮ್ಮ ಮನೆ ನಮ್ಮದಲ್ಲ ಎನ್ನಿಸುತ್ತಿತ್ತು. ಬೆಳಗ್ಗೆ ಎದ್ದರೆ ಸಪ್ಪಳವೇ ಇಲ್ಲ. ಗಿರಣಿಯ ಹಿಟ್ಟಿನ ರೊಟ್ಟಿ ಅಂಚಿಗೆ ಬಿರಿಯುತ್ತಿತ್ತು. ಅವ್ವ ಬಿರಿದ ರೊಟ್ಟಿ ತನಗಿಟ್ಟುಕೊಂಡು ಚಂದದ್ದನ್ನು ಆಯಿಗೆ ಬಡಿಸಿದರೂ ಅವಳು ಅರ್ಧಕ್ಕಿಂತ ಹೆಚ್ಚು ಉಣ್ಣಲಿಲ್ಲ. ಅಪ್ಪ ಉಣ್ಣುವಾಗ ಆಯಿಯ ತಾಟನ್ನೇ ನೋಡುತ್ತಿದ್ದ. ಹಾಗಿರುವಾಗ ಬಾಗೇವಾಡಿ ಮಾವ ಬಂದೇಬಿಟ್ಟರು. ಈ ಸಲ ಸವಾರಿ ಗಾಡಿ ಕಟ್ಟಿಸಿಕೊಂಡು ಬಂದಿದ್ದರು. ಎತ್ತಿನ ಕೊರಳ ಗೆಜ್ಜೆ ಓಣಿಯ ತುದಿಯಿಂದಲೇ ಕೇಳಿ ನೀಲತ್ತಿ ಟ್ರಂಕಿನ ಮೇಲೆ ಕೂತಳು.

"ಮಾತಿನ ಪ್ರಕಾರ ಬಂದೇನ್ರಿ," ಎಂದರು ಮಾವ. "ಊಟ ಬ್ಯಾಡ, ಬಿಸಲ ಏರೂದ್ರಾಗ ಹೊಂಡತೇವಿ."

ಒಂದು ತಿಂಗಳು ಬಾಯಿ ಬಿಡದ ಆಯಿ ಆ ದಿನ ನಡುಮನೆಯಿಂದ ಹೊರಗೆ ಬಂದು ಅವರ ಎದುರಿಗೇ ಕೂತಳು.

"ಬೀಗರ, ನಿಮ್ಮ ಮನ್ಯಾಗ ಬೀಸೂಕಲ್ಲ ಐತ್ಯೋ ಇಲ್ಲೋ?"

"ಐತ್ರಿ, ಯಾಕ?"

"ಅದರ ಮುಂದ ಎರಡನೇ ಸಾಲ ಎಷ್ಟ ಸಲ ಹಾಡತಾರ?"

ಮಾವ ಗಲಿಬಿಲಿಗೊಂಡರು. "ಎರಡ ಸಲ. ಮತ್ತೆಷ್ಟ?"

"ಪರೀಕ್ಷಾನೂ ಹಂಗs ಐತಂತ್ರಿ. ಅಕ್ಟೋಬರಕ್ಕ ಮತ್ತೊಮ್ಮಿ ಎತ್ತಿಕೋತಾರಂತ. ಪದ ಅರ್ಧಕ್ಕ ನಿಲ್ಲಿಸಿ ಎದ್ದ ಹೋಗೂದು ನಿಮ್ಮಂಥಾ ಹಿರೇರಿಗಿ ಒಪ್ಪೂದಿಲ್ಲ. ಎಳ್ಳಮಾಸಿ ತನಕ ತಡೀರಿ."

ಮಾವನಿಗೆ ನಗು ಬಂತು. ನಗು ಬಂದ ಮೇಲೆ ಸಿಟ್ಟು ಮಾಡುವುದು ಕಷ್ಟ. 'ಎಳ್ಳಮಾಸಿ ದಾಟಿದ್ರ ನಾ ಕೇಳಾವಲ್ಲ' ಎಂದು ಕೋಲು ಊರಿ ಎದ್ದರು. ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ, ಚಳಿಗಾಲದ ನಮ್ಮ ಹೊಲದ ಹಬ್ಬ. ಅವರೊಬ್ಬರನ್ನೇ ಹೊತ್ತ ಗಾಡಿಯ ಗೆಜ್ಜೆ ಓಣಿ ದಾಟಿದ ಮೇಲೆ ನೀಲತ್ತಿ ಟ್ರಂಕಿನ ಮೇಲಿಂದ ಎದ್ದಳು.

ಅದೇ ರವಿವಾರ ಅಪ್ಪ ಈ ಸಲ ಎಲ್ಲ ಬರೆಸಿಯೇ ಕಲಿಸುತ್ತೇನೆಂದು ಹೊಸ ನೋಟುಬುಕ್ಕು ತಂದ. ಮೊದಲು ಪದ್ಯದ ಎರಡು ನುಡಿ ಬರೆಸಿದ. ನೀಲತ್ತಿ ತಡವರಿಸದೆ ಬರೆದು ಕೊಟ್ಟಳು. ಅಪ್ಪ ಸಾಲು ಎಣಿಸಿದ. ಮತ್ತೆ ಎಣಿಸಿದ. ಎಂಟು ಇರಬೇಕಾದಲ್ಲಿ ಹತ್ತು.

"ನೀಲಾ, ಎರಡನೇ ಸಾಲ ಎರಡ ಸಲ ಯಾಕ ಬರದಿ?"

"ಎರಡ ಸಲs ಅಲ್ಲೇನಣ್ಣ?"

"ಪರೀಕ್ಷಾದಾಗೂ ಹಿಂಗs ಬರದಿದ್ದೇನು?"

ನೀಲತ್ತಿ ನನ್ನ ಕಡೆ ನೋಡಿದಳು. ಅವಳಿಗೆ ಆಗ ತಿಳಿಯಿತು ಎಂದು ಕಾಣುತ್ತದೆ. ಮೆಲ್ಲಗೆ ಅಂದಳು:

"ಕಸ್ತೂರಿ ಅಲ್ಲಿ ಇರಲಿಲ್ಲಲ್ಲಣ್ಣ. ಎದುರಿಗಿ ಯಾರೂ ಇರಲಿಲ್ಲ. ಅದಕ್ಕ ಆಕಿದೂ ನಾನs ಬರದೇನಿ."

ಆ ಎರಡು ಅಂಕ ಅಲ್ಲೇ ಹೋದವೋ ಬೇರೆ ಕಡೆ ಹೋದವೋ, ದೇವರೇ ಬಲ್ಲ. ಉತ್ತರಪತ್ರಿಕೆಯನ್ನು ಯಾರೂ ನೋಡಿಲ್ಲ. ಆದರೆ ಒಂಬತ್ತು ವರ್ಷದವಳಿಗೆ ಯಾವ ಅನುಮಾನವೂ ಇರಲಿಲ್ಲ: ನೀಲತ್ತಿಯನ್ನು ಫೇಲು ಮಾಡಿದವಳು ನಾನು. ಜೋಳದ ಚೀಲಗಳ ಹಿಂದೆ ಹೋಗಿ ಅಡಗಿದೆ. ಅವ್ವ ಕರೆದರೂ ಬರಲಿಲ್ಲ, ನೀಲತ್ತಿ ಕರೆದರೂ ಬರಲಿಲ್ಲ. ಕೊನೆಗೆ ಆಯಿ ಬಂದು, ಮೊಣಕಾಲು ಹಿಡಿದುಕೊಂಡು, ನನ್ನ ಪಕ್ಕಕ್ಕೆ ಇಕ್ಕಟ್ಟಿನಲ್ಲಿ ಕೂತಳು.

"ನೀ ಏನ ತಪ್ಪ ಮಾಡಿದಿ? ನಿಂದ ನೀ ಹಾಡಿದಿ."

"ನಾ ಹಾಡಿದ್ದಕ್ಕs ಆಕಿ ಫೇಲಾದಳು."

"ಹುಚ್ಚಿ, ಕೇಳಿಲ್ಲಿ. ನಮ್ಮ ಪದಕ್ಕ ಮೂರ ಸಾಲು ಯಾಕ ಅದಾವ ಗೊತ್ತೈತೇನು? ನಾಕನೇದು ಎದುರಿಗಿ ಕುಂತಾಕಿದು. ಅದನ್ನ ಕಟ್ಟಿದಾಕಿ ಆಕಿ ಸಲುವಾಗಿ ಬಿಟ್ಟಿರತಾಳ. ಇಂಗ್ಲಿಷಿನವರು ನಾಕೂ ತಾವs ಬರಕೊಂಡ ಬಿಟ್ಟಾರ. ಅವರ ಎದುರಿಗಿ ಯಾರೂ ಕುಂದರತಿದ್ದಿಲ್ಲ ಕಾಣ್ತೈತಿ, ಪಾಪ."

ಪಡಸಾಲೆಯಲ್ಲಿ ಅಪ್ಪನಿಗೆ ಇದು ಕೇಳಿಸಿತು. ಅವನು ಎದ್ದು ಬಂದು ಬೀಸುಕಲ್ಲಿನ ಮೇಲಿನ ಗೋಣಿಚೀಲ ತೆಗೆದು ಝಾಡಿಸಿದ. ತಾಯಿಗೆ ಅವನು ಕೇಳಿದ ಮಾಫಿ ಅಷ್ಟೇ. ಆಯಿಗೂ ಅಷ್ಟು ಸಾಕಾಯಿತು. ಧೂಳಿಗೆ ಸೀನುತ್ತ ಅಂದಳು:

"ಈಗ ಆಕೀ ಬಾಯಿ ರೂಢಿ ಬಿಡಿಸಬೇಕು. ಎದುರಿಗಿ ಯಾವ ಹೆಣ್ಣಮಗಳು ಕುಂತ್ರೂ ಎರಡನೇ ಸಾಲ ಎತ್ತೇ ಎತ್ತತಾಳ. ನಾ ಕುಂತ್ರ ನಾನೂ ಎತ್ತತೇನಿ. ಎತ್ತಲಾರದಾವ ಈ ಮನ್ಯಾಗ ಒಬ್ಬನs ಅದಾನ."

ಎಲ್ಲರೂ ಅಪ್ಪನ ಕಡೆ ನೋಡಿದೆವು.

ಗಂಡಸು ಬೀಸುಕಲ್ಲಿಗೆ ಕೂತನೆಂದರೆ ನಮ್ಮ ಕಡೆ ಮಂದಿ ಮೂರು ತಲೆಮಾರು ನಗುತ್ತಾರೆ. ಅದರಲ್ಲೂ ಹೈಸ್ಕೂಲು ಮಾಸ್ತರ! ಅವ್ವ ಹೋಗಿ ತಲೆಬಾಗಿಲಿಗೆ ಅಗುಳಿ ಹಾಕಿ ಬಂದಳು. ಅಪ್ಪ ಧೋತರ ಮೇಲೆ ಕಟ್ಟಿ, ನನ್ನ ಎರಡು ಮಣೆ ಪಕ್ಕಕ್ಕೆ ಸರಿಸಿ, ಗೂಟ ಹಿಡಿದ. ಮೊದಲ ದಿನ ಅವನು ತಿರುವಿದ್ದು ಉಲ್ಟಾ; ಜೋಳ ಹಾಗೇ ಹೊರಗೆ ಬಂತು. 'ಮಾಸ್ತರಗ ಕಲ್ಲೂ ಪಾಠ ಹೇಳಬೇಕಾತು' ಎಂದು ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಎರಡು ಸಾಲು ಹಾಡಿ ನೀಲತ್ತಿ ಕಾಯುತ್ತಿದ್ದಳು. ಅಪ್ಪ ಎತ್ತಿಕೊಳ್ಳುತ್ತಿರಲಿಲ್ಲ. 'ಬಾಯಿ ಮುಚ್ಚು, ಕೈ ತೆರಿ' ಎಂದು ಆಯಿ ಪಕ್ಕದಿಂದ ಹೇಳುತ್ತಿದ್ದಳು. ನೀಲತ್ತಿ ಮಾತು ಬರುವ ಜಾಗಕ್ಕೆ ಒಂದು ಹಿಡಿ ಜೋಳ ಹಾಕಿ ಮೂರನೆಯ ಸಾಲಿಗೆ ದಾಟುತ್ತಿದ್ದಳು. ನಾನು ಬಾಯಿಗೆ ಎರಡೂ ಕೈ ಒತ್ತಿಕೊಂಡು ಕೂಡುತ್ತಿದ್ದೆ. ಮಳೆಗಾಲ ಬಂತು, ಹೋಯಿತು, ಅಪ್ಪನ ಅಂಗೈಗೆ ಗುಳ್ಳೆ ಎದ್ದು ಒಡೆದು ಗಟ್ಟಿಯಾದವು. ನೋಟುಬುಕ್ಕಿನಲ್ಲಿ ಹತ್ತು ಸಾಲು ಒಂಬತ್ತಾಗಿ, ಎಂಟಾದವು.

ಅಕ್ಟೋಬರಿನ ಪರೀಕ್ಷೆಗೆ ಹೊರಡುವಾಗ ಆಯಿ ಅವಳ ಸೆರಗಿನ ತುದಿಗೆ ಒಂದು ಹಿಡಿ ಜೋಳ ಕಟ್ಟಿದಳು. ಎರಡನೆಯ ಸಾಲು ಬರೆದ ಕೂಡಲೆ ನೀಲತ್ತಿ ಒಂದು ಕಾಳು ತೆಗೆದು ಡೆಸ್ಕಿನ ಮೇಲಿಟ್ಟು ಮುಂದಿನ ಸಾಲು ಬರೆಯುತ್ತಿದ್ದಳಂತೆ. ಮೇಲ್ವಿಚಾರಕರು ಬಂದು ಕಾಪಿ ಚೀಟಿಯೇನೋ ಎಂದು ಬಗ್ಗಿ ನೋಡಿದರು.

"ಏನಮ್ಮಾ ಅದು?"

"ಜ್ವಾಳ ರೀ ಸರ."

ಸೆರಗು ಬಿಚ್ಚಿಸಿ ನೋಡಿದರಂತೆ. ನಿಜಕ್ಕೂ ಜೋಳವೇ. ತಿನ್ನಲಿಕ್ಕೆಂದು ತಿಳಿದು, 'ಹೊರಗ ಹೋಗಿ ತಿನ್ನು' ಎಂದು ಹೇಳಿ ಹೋದರಂತೆ.

ಎಳ್ಳಮಾಸಿಗೆ ನಾಲ್ಕು ದಿನ ಇರುವಾಗ ಅಪ್ಪ ಸಿಂದಗಿಯಿಂದ ಬಂದ. ಮೆಟ್ಟಿಲ ಮೇಲೆ ಕೂಡಲಿಲ್ಲ. ನೇರ ಒಳಗೆ ಬಂದು, ಆಯಿಯ ಮುಂದಿನ ಮೊರದಲ್ಲಿದ್ದ ಜೋಳದಲ್ಲಿ ಬೆರಳಿನಿಂದ ನಲವತ್ತೊಂದು ಎಂದು ಬರೆದ. ಓದು ಬಾರದ ಆಯಿ ಆ ಅಂಕಿ ನೋಡಲಿಲ್ಲ, ಮಗನ ಮುಖ ನೋಡಿದಳು. ಹಬ್ಬದ ಮರುದಿನ ಬಾಗೇವಾಡಿಗೆ ಹೋಗುವವರ ಕೈಯಲ್ಲಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿಯ ಗಂಟು ಕಳಿಸಿ, 'ಬೀಗರಿಗೆ ಹೇಳು, ನಮ್ಮ ಮಗಳು ಕಳಿಸ್ಯಾಳ ಅಂತ' ಎಂದಳು.

ನೀಲತ್ತಿ ಎರಡು ವರ್ಷ ವಿಜಯಪುರದಲ್ಲಿದ್ದಳು. ನಂತರ ಅಗರಖೇಡದ ಶಾಲೆಗೆ ಮಾಸ್ತರಬಾಯಿಯಾಗಿ ಹೋದಳು. ಹೊಳೆಯ ಹತ್ತಿರ ಒಂದು ಬಾಡಿಗೆ ಖೋಲಿ, ಒಂದು ಸ್ಟೌ, ಅದೇ ಟ್ರಂಕು. ನಾನು ಮುಂದೆ ಇಂಗ್ಲಿಷನ್ನೇ ಓದಿದೆ, ಕಲಿಸಿದೆ. ಆ ನಾಲ್ಕು ಸಾಲಿನ ನುಡಿ ಪಾಠಕ್ಕೆ ಬಂದಾಗಲೆಲ್ಲ ಎರಡನೆಯ ಸಾಲಿನ ಕೊನೆಗೆ ನನ್ನ ಬಲಗೈ ಮುಷ್ಟಿ ಬಿಚ್ಚುತ್ತಿತ್ತು. ಮೇಡಂ ಏನೋ ಕೆಳಗೆ ಹಾಕುತ್ತಾರೆ ಎಂದು ಹುಡುಗಿಯರು ನಗುತ್ತಿದ್ದರು.

ಅಗರಖೇಡಕ್ಕೆ ಹೋದ ಮೊದಲ ವರ್ಷದ ಪಂಚಮಿಗೆ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಇಂಡಿಯಲ್ಲಿ ಬಸ್ಸು ಬದಲಿಸಿ, ಅವಳ ಖೋಲಿಯ ಮುಂದೆ ಹೋಗಿ ನಿಂತು, 'ತಂಗಿ, ಕರಿಯಾಕ ಬಂದೇನಿ' ಅಂದನಂತೆ. ಅವಳು ಬಾಗಿಲಲ್ಲೇ ನಿಂತಿದ್ದಳಂತೆ. ಸಂಜೆಗೆ ಇಬ್ಬರೂ ಬಂದರು. ಮರುದಿನ ಬಿಸಿಲು ಗೂಡಿನ ಹತ್ತಿರ ಇರುವಾಗಲೇ ನೀಲತ್ತಿ ಬೀಸುಕಲ್ಲಿಗೆ ಕೂತಳು. ಎದುರಿಗೆ ಆಯಿ. ನಾನು ಮೊರ ಹಿಡಿದಿದ್ದೆ, ಅವ್ವ ಒಲೆಯ ಮುಂದೆ, ಅಪ್ಪ ಪಡಸಾಲೆಯ ಕನ್ನಡಿಯ ಮುಂದೆ. ಎರಡು ಸುತ್ತು ಸುಮ್ಮನೆ ತಿರುವಿ ನೀಲತ್ತಿ ಹಾಡಿದಳು:

ಅಣ್ಣ ಕರಿಯಾಕ ಬಂದ ಮಣ್ಣಿನ ಹಾದೀಲೆ
ಕಣ್ಣೀಗಿ ಕಂಡೀತ ತವರೂರ | ಹಡೆದವ್ವ

ಕಾಳು ಹಾಕಿ ಕಾದಳು. ಆಯಿ ಎತ್ತಿಕೊಳ್ಳಬೇಕು. ಆಯಿಯ ಬಾಯಿ ತೆರೆಯಿತು, ದನಿ ಬರಲಿಲ್ಲ. ನಾನೂ ಮೊರ ಹಿಡಿದು ಹಾಗೇ ಕೂತಿದ್ದೆ. ಕಲ್ಲು ತಿರುಗುತ್ತಲೇ ಇತ್ತು. ಆಗ ಪಡಸಾಲೆಯಿಂದ, ಧಾಟಿ ಇಲ್ಲದ, ಪಾಠ ಹೇಳಿ ಒರಟಾದ ಒಂದು ಗಂಡು ದನಿ ಎರಡನೆಯ ಸಾಲನ್ನು ಎತ್ತಿಕೊಂಡಿತು:

ಕಣ್ಣೀಗಿ ಕಂಡೀತ ತವರೂರ | ಹಡೆದವ್ವ

ನೀಲತ್ತಿ ಮೂರನೆಯ ಸಾಲು ಹಾಡಿ ಮುಗಿಸಿದಳು:

ಬೆಣ್ಣಿ ಕಾದೈತಿ ನೆಲುವಿನ್ಯಾಗ

ಒಲೆಯ ಮೇಲೆ ಅವ್ವನ ರೊಟ್ಟಿಯೊಂದು ಹೊತ್ತಿತು. ಅದನ್ನು ಅಪ್ಪ ಬೆಣ್ಣೆ ಹಚ್ಚಿಕೊಂಡು ತಿಂದ.